ಸಂಬಂಧ ಗೊತ್ತಾದ ಮೇಲೆ ಹಕ್ಕೂ ಗೊತ್ತಾಗಬೇಕು

ಹಮ್ದ್ ಮತ್ತು ಸಲಾತ್‌ಗಳ ಬಳಿಕ.

ಸತ್ಯವಿಶ್ವಾಸಿ ಸಹೋದರರೇ, ಅಲ್ಲಾಹನನ್ನು ಭಯಪಡಬೇಕೆಂದು ಮೊದಲು ನಮಗೂ ಆ ಬಳಿಕ ನಿಮಗೂ ನೆನಪಿಸುತ್ತಿದ್ದೇವೆ. ಅನ್ನಿಸಾ ಅಧ್ಯಾಯದ ಮೊದಲ ಸೂಕ್ತದಲ್ಲಿ ಅಲ್ಲಾಹನ ಭಯದ ಜೊತೆಗೇ ರಕ್ತಸಂಬಂಧದ ವಿಷಯದಲ್ಲಿ ಜಾಗರೂಕರಾಗಿರಬೇಕೆಂಬ ಆದೇಶವಿದೆ. ಅದೇ ಅಧ್ಯಾಯದಲ್ಲಿ ಮುಂದೆ ವಾರಸು ಪಾಲಿನ ನಿಯಮಗಳು ಬರುತ್ತವೆ. ಸಂಬಂಧ ಮತ್ತು ಪಾಲು, ಇವೆರಡೂ ಬೇರೆ ಬೇರೆ ವಿಷಯಗಳಲ್ಲ ಎಂಬುದನ್ನು ಇಂದು ಸ್ವಲ್ಪ ಯೋಚಿಸೋಣ.

ನಮ್ಮ ಕರಾವಳಿಯಲ್ಲಿ ಇಬ್ಬರು ಅಪರಿಚಿತರು ಬಸ್ಸಿನಲ್ಲೋ ಮದುವೆ ಹಾಲ್‌ನಲ್ಲೋ ಗಲ್ಫಿನ ರೂಮಿನಲ್ಲೋ ಸಲಾಂ ಹೇಳಿದರೆ ಮುಂದಿನ ಪ್ರಶ್ನೆ ಒಂದೇ: ಊರು ಯಾವುದು, ಯಾರ ಮಗ? ನಾಲ್ಕು ಮಾತಿನೊಳಗೆ ಇಬ್ಬರ ಅಜ್ಜಿಯಂದಿರು ಅಕ್ಕತಂಗಿಯರೆಂದು ತಿಳಿಯುತ್ತದೆ. ಆಶ್ಚರ್ಯಪಡುತ್ತೇವೆ, ಚಹಾ ಕುಡಿಯುತ್ತೇವೆ, ನಂಬರ್ ತೆಗೆದುಕೊಳ್ಳುತ್ತೇವೆ. ಅಲ್ಲಿಗೆ ಮುಗಿಯಿತು. ಆದರೆ ದೀನ್ ಹೇಳುವ ಪ್ರಕಾರ ವಿಷಯ ಶುರುವಾಗುವುದೇ ಅಲ್ಲಿಂದ.

ಹಿಜರಿ 8ನೇ ವರ್ಷ, ಅಂದರೆ ಕ್ರಿ.ಶ. 630ರಲ್ಲಿ ಹುನೈನ್ ಯುದ್ಧ ನಡೆಯಿತು. ಹವಾಝಿನ್ ಗೋತ್ರದ ಸಾವಿರಾರು ಮಂದಿ ಸೆರೆಯಾದರು. ಅವರಲ್ಲಿ ಒಬ್ಬ ವೃದ್ಧೆ, ತಾನು ನಿಮ್ಮ ನಾಯಕರ ಸಹೋದರಿ ಎಂದಳು. ಯಾರೂ ನಂಬಲಿಲ್ಲ. ಪ್ರವಾದಿ(ಸ)ರ ಮುಂದೆ ಕರೆತಂದಾಗ ಅವರು ಗುರುತು ಕೇಳಿದರು. ಎಳವೆಯಲ್ಲಿ ಎತ್ತಿಕೊಂಡಿದ್ದಾಗ ನೀವು ಕಚ್ಚಿದ ಗಾಯ ಇದು ಎಂದು ಆಕೆ ಕಲೆಯನ್ನು ತೋರಿಸಿದರು. ಅವರೇ ಹಲೀಮಾ(ರ)ರ ಮಗಳು ಶೈಮಾ(ರ), ಹಾಲಿನ ಸಂಬಂಧದ ಅಕ್ಕ. ಐವತ್ತಕ್ಕೂ ಹೆಚ್ಚು ವರ್ಷಗಳ ಬಳಿಕದ ಭೇಟಿ. ಪ್ರವಾದಿ(ಸ) ತಮ್ಮ ಮೇಲುವಸ್ತ್ರವನ್ನು ಹಾಸಿ ಆಕೆಯನ್ನು ಕೂರಿಸಿದರು. ಬಯಸಿದರೆ ಗೌರವದಿಂದ ನಮ್ಮೊಂದಿಗೆ ಇರಬಹುದು, ಇಲ್ಲವಾದರೆ ಕೊಡುಗೆಯೊಂದಿಗೆ ನಿಮ್ಮವರ ಬಳಿಗೆ ಹೋಗಬಹುದು ಎಂದರು. ಅವರು ತಮ್ಮವರ ಬಳಿಗೆ ಹೋಗುವುದನ್ನು ಆರಿಸಿಕೊಂಡರು. ಇಬ್ನು ಹಿಶಾಮರ ಸೀರಾ ಗ್ರಂಥದಲ್ಲಿ ಈ ಘಟನೆ ಇದೆ. ಮುಂದೆ ಹವಾಝಿನ್‌ನ ನಿಯೋಗ ಬಂದು ಹಾಲಿನ ಸಂಬಂಧವನ್ನೇ ನೆನಪಿಸಿ ಕೇಳಿಕೊಂಡಾಗ ಸೆರೆಯಾಳುಗಳ ಬಿಡುಗಡೆಯಾಯಿತು.

ಗಮನಿಸಿ: ಗುರುತು ಸಿಕ್ಕಿದ ಕೂಡಲೇ ಪ್ರವಾದಿ(ಸ) ಆಶ್ಚರ್ಯಪಟ್ಟು ಸುಮ್ಮನಾಗಲಿಲ್ಲ. ಹಾಸಿ ಕೂರಿಸಿದರು, ಕೊಟ್ಟರು. ಈಜಿಪ್ಟಿನ ಜನರೊಂದಿಗೆ ಒಳ್ಳೆಯ ರೀತಿಯಲ್ಲಿ ವರ್ತಿಸಬೇಕು, ಅವರೊಂದಿಗೆ ನಮಗೆ ರಕ್ತಸಂಬಂಧವಿದೆ ಎಂದೂ ಅವರು ಬೋಧಿಸಿದ್ದರು. ಆ ಸಂಬಂಧ ಹಾಜಿರಾ(ಅ)ರ ಮೂಲಕ ಬಂದದ್ದೆಂದು ವಿದ್ವಾಂಸರು ವಿವರಿಸಿದ್ದಾರೆ. ಎಷ್ಟೋ ತಲೆಮಾರುಗಳ ಹಿಂದಿನ ಒಬ್ಬ ತಾಯಿಯನ್ನೂ ಲೆಕ್ಕದಿಂದ ಬಿಟ್ಟಿಲ್ಲ. ಕುಟುಂಬ ಸಂಬಂಧ ಜೋಡಿಸಲು ಬೇಕಾದಷ್ಟು ವಂಶದ ಅರಿವು ಪಡೆಯಿರಿ ಎಂದೂ ಹದೀಸ್ ಇದೆ. ಮನೆತನದ ದೊಡ್ಡಸ್ತಿಕೆ ಹೇಳಲಿಕ್ಕಲ್ಲ, ಜೋಡಿಸಲಿಕ್ಕೆ.

ಈಗ ನಮ್ಮದೇ ಮನೆಯ ವಿಷಯ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಕೆಲವು ತಿಂಗಳ ಹಿಂದೆ ಜಮಾಅತ್‌ನ ಒಬ್ಬರು ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ನೋಡಲು ಹೋಗಿ ದುಆ ಮಾಡಿ ಏಳುವಾಗ, ಪಕ್ಕದ ಮಂಚದ ರೋಗಿಯ ಬಳಿ ಕುಳಿತಿದ್ದ ಅಜ್ಜಿಯೊಬ್ಬರು, "ಉಸ್ತಾದರೇ, ನಿಮ್ಮ ಊರು ಯಾವುದು?" ಎಂದರು. ಬಂಟ್ವಾಳದ ಕಡೆ ಎಂದೆವು. ಮನೆತನ ಕೇಳಿದರು, ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾವಿಯ ಬಳಿಯ ಹಲಸಿನ ಮರ ಇದೆಯಾ ಮೋನೇ?" ಎಂದರು.

ಅವರು ಮೂಡಿಗೆರೆಯವರು. ಅವರ ಉಮ್ಮ ನಮ್ಮ ಅಜ್ಜನ ತಂಗಿ. ಮದುವೆಯಾಗಿ ಘಟ್ಟ ಹತ್ತಿದವರು. ಗಂಡ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿದ್ದರು. ವರಸೆಯಲ್ಲಿ ಈ ಅಜ್ಜಿ ನಮಗೆ ಅತ್ತೆ. ನಾವೋ, ಮುತ್ತಜ್ಜನಿಗೆ ಮೂವರು ಗಂಡುಮಕ್ಕಳು ಎಂದಷ್ಟೇ ಕೇಳಿ ಬೆಳೆದವರು. ಮಗಳೊಬ್ಬಳಿದ್ದಳೆಂದು ಯಾರೂ ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಎಂಬುದನ್ನೂ ಅತ್ತೆಯೇ ಹೇಳಿದರು. ಮುತ್ತಜ್ಜ ತೀರಿಕೊಂಡ ಬಳಿಕ ಗದ್ದೆ ತೋಟ ಮೂರು ಪಾಲಾಯಿತು. ತಂಗಿ ತನ್ನ ಹಕ್ಕು ಕೇಳಿದಳು. ಕೇಳಿದ್ದೇ ತಪ್ಪಾಯಿತು, ಮಾತು ನಿಂತಿತು. 1974ರ ನೆರೆಗೆ ನೇತ್ರಾವತಿ ಉಕ್ಕಿ ಬಂಟ್ವಾಳ ಮುಳುಗಿದ ಸುದ್ದಿ ಕೇಳಿ, ಅಣ್ಣಂದಿರು ಏನಾದರೋ ಎಂದು ಆಕೆ ಘಟ್ಟ ಇಳಿದು ಬಂದರು. ಅಂಗಳದಲ್ಲಿ ನಿಂತರು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಹಾಗೆಯೇ ಹಿಂದಿರುಗಿದರು. ಮತ್ತೆ ಬರಲಿಲ್ಲ.

ಮನೆಗೆ ಬಂದು ಉಪ್ಪನಿಗೆ ತಿಳಿಸಿದೆವು. ಎರಡು ದಿನ ಅವರು ಮಾತಾಡಲಿಲ್ಲ. ಮೂರನೆಯ ದಿನ ಸುಬಹಿ ನಮಾಝಿನ ಬಳಿಕ ಹೇಳಿದರು: "ನನಗೆ ಗೊತ್ತಿತ್ತು. ಆ ದಿನ ಬಾಗಿಲಲ್ಲಿ ನಿಂತಿದ್ದವನು ನಾನೇ."

ಸಹೋದರರೇ, ಸಹೋದರಿಯ ಪಾಲು ಕೊಡಿ ಎಂದು ನಾವು ಈ ಮಿಂಬರ್‌ನಿಂದ ಎಷ್ಟು ಸಲ ಹೇಳಿದ್ದೇವೆ! ಹೇಳಿ ಮನೆಗೆ ಹೋಗಿ ಊಟ ಮಾಡಿದ ಅಕ್ಕಿ ಯಾವ ಗದ್ದೆಯದ್ದು ಎಂದು ಕೇಳಿರಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ಮುತ್ತಜ್ಜಿ ಮೊದಲೇ ತೀರಿಕೊಂಡಿದ್ದರು. ಮೂವರು ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು, ಒಟ್ಟು 7 ಪಾಲು. ಜಮೀನು 2 ಎಕರೆ 80 ಸೆಂಟ್ಸ್. ಆಕೆಗೆ ಸಲ್ಲಬೇಕಾದದ್ದು 40 ಸೆಂಟ್ಸ್. ಈಗ ಅದು ಅತ್ತೆಗೂ ಅವರ ಒಡಹುಟ್ಟಿದವರಿಗೂ, ಹೀಗೆ ಆಕೆಯ ಎಲ್ಲ ವಾರಸುದಾರರಿಗೂ ಸೇರಿದ್ದು. ಇದರಲ್ಲಿ ನಮ್ಮ ಅಜ್ಜನ ಕೈಗೆ ಹೆಚ್ಚಾಗಿ ಬಂದದ್ದು 13 ಸೆಂಟ್ಸ್‌ಗಿಂತ ಸ್ವಲ್ಪ ಜಾಸ್ತಿ.

ಇತರ ಎರಡು ಕವಲುಗಳಲ್ಲಿ ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು, ಐವತ್ತು ವರ್ಷದ ಮೇಲೆ ಯಾಕೆ ಕೆದಕುತ್ತೀರಿ ಎನ್ನುತ್ತಾರೆ. ಕೋರ್ಟಿನ ಲೆಕ್ಕದಲ್ಲಿ ಅವಧಿ ಮುಗಿದಿರಬಹುದು. ಅಲ್ಲಾಹನ ಬಳಿ ಮನುಷ್ಯರ ಹಕ್ಕಿಗೆ ಅವಧಿ ಇಲ್ಲ. ಎಲ್ಲರೂ ಒಪ್ಪುವವರೆಗೆ ಕಾಯುವ ಅಗತ್ಯವೂ ಇಲ್ಲ. ಉಪ್ಪ ಮತ್ತು ನಾವು ಅಣ್ಣತಮ್ಮಂದಿರು ನಮ್ಮ ಕಡೆಯದ್ದನ್ನು ಕೊಡಲು ತೀರ್ಮಾನಿಸಿದ್ದೇವೆ. ಕಾಗದಪತ್ರದ ಕೆಲಸ ನಡೆಯುತ್ತಿದೆ. ಪ್ರತಿಯಾಗಿ ಸಂಬಂಧ ಇಟ್ಟುಕೊಳ್ಳುವವನಲ್ಲ, ಕಡಿದುಹೋದದ್ದನ್ನು ಜೋಡಿಸುವವನೇ ನಿಜವಾಗಿ ಸಂಬಂಧ ಜೋಡಿಸುವವನು ಎಂಬುದು ಪ್ರವಾದಿ(ಸ)ರ ಶಿಕ್ಷಣ.

ಉಪ್ಪ ಅತ್ತೆಯ ಮನೆಗೆ ಹೋಗಿ ಕ್ಷಮೆ ಕೇಳಿದರು. ಅತ್ತೆ ಹೇಳಿದ್ದು ಇಷ್ಟೇ: "ಜಾಗದ ಲೆಕ್ಕ ನೀವು ಮಾಡಿ. ನನ್ನ ಉಮ್ಮನ ಹೆಸರನ್ನು ನಿಮ್ಮ ಮಕ್ಕಳಿಗೆ ಹೇಳಿ." ಕಳೆದ ತಿಂಗಳು ಮನೆಯಲ್ಲಿ ಯಾಸೀನ್ ಓದಿ ದುಆ ಮಾಡಿದಾಗ ಆ ಹೆಸರನ್ನು ಮೊದಲ ಬಾರಿಗೆ ಹೇಳಿದೆವು.

ಆದ್ದರಿಂದ ಇಂದು ಮನೆಗೆ ಹೋಗಿ ಮೂರು ಕೆಲಸ ಮಾಡೋಣ. ಹಿರಿಯರು ಬದುಕಿರುವಾಗಲೇ ಕೂತು ವಂಶದ ಹೆಸರುಗಳನ್ನು ಬರೆದಿಡೋಣ. ಹೆಣ್ಣುಮಕ್ಕಳ ಹೆಸರು ಬಿಡಬಾರದು. ಪಾಲಾದ ಆಸ್ತಿಯಲ್ಲಿ ಅತ್ತೆಯಂದಿರಿಗೆ, ಸಹೋದರಿಯರಿಗೆ ಏನು ಸಂದಿದೆ ಎಂದು ನೋಡೋಣ. ತವರು ಮುಚ್ಚೀತೆಂಬ ಹೆದರಿಕೆಯಿಂದ ಬೇಡ ಎಂದದ್ದು ಬಿಟ್ಟುಕೊಟ್ಟಂತಲ್ಲ. ಮೂರನೆಯದಾಗಿ, ಕಡಿದುಹೋದ ಒಂದು ಮನೆಗೆ ಈ ವಾರ ಹೋಗಿ ಸಲಾಂ ಹೇಳೋಣ. ಆ ಅಜ್ಜಿ ಪಕ್ಕದ ಮಂಚದ ಬಳಿ ಕುಳಿತದ್ದು ನಮಗೆ ಆಕಸ್ಮಿಕ. ಅಲ್ಲಾಹನ ಬಳಿ ಅದು ಕಳುಹಿಸಿದ ನೆನಪೋಲೆ.

ಯಾ ಅಲ್ಲಾಹ್, ನಾವು ತಿಳಿದೂ ತಿಳಿಯದೆಯೂ ತಿಂದ ಇತರರ ಹಕ್ಕನ್ನು ಈ ಲೋಕದಲ್ಲೇ ಹಿಂದಿರುಗಿಸುವ ತೌಫೀಕ್ ನೀಡು. ಬಾಗಿಲಿನಿಂದ ಹಿಂದಿರುಗಿದವರನ್ನು ನಿನ್ನ ಕರುಣೆಯ ಬಾಗಿಲಿನೊಳಗೆ ಸೇರಿಸು. ಆಮೀನ್.