ಫ್ರೆಡ್ ಕಬೋಟಿ: ಬಣ್ಣದಿಂದ ಬೆಳ್ಳಿಗೆ



1895ರ ಆರಂಭದಲ್ಲಿ ಅಮೆರಿಕ ಸರ್ಕಾರ ಅರಿಜೋನಾದ ಹೋಪಿ ಬುಡಕಟ್ಟಿನ 19 ಮಂದಿ ಗಂಡಸರನ್ನು ಹಿಡಿದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಲ್ಕಟ್ರಾಜ್ ದ್ವೀಪದಲ್ಲಿ ಕೂಡಿಹಾಕಿತು. ಅವರೇನು ಕೊಲೆ ಸುಲಿಗೆ ಮಾಡಿದವರಲ್ಲ. ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವುದಿಲ್ಲ, ನಮ್ಮ ಹೊಲಗಳನ್ನು ನೀವು ಹೇಳಿದ ಹಾಗೆ ತುಂಡು ಮಾಡಿ ಹಂಚಿಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದರು, ಅಷ್ಟೆ. ಅಂಥ ಹಟದವರ ಪಾಳಯದ ಒಂದು ಮನೆಯಲ್ಲಿ, 1900ರ ಆಸುಪಾಸಿನಲ್ಲಿ ಹುಟ್ಟಿದ ಹುಡುಗನೇ ಇವತ್ತಿನ ಉಪನ್ಯಾಸದ ವಸ್ತು. ಊರು ಶುಂಗೋಪಾವಿ. ಮರುಭೂಮಿಯ ನಡುವೆ ಎದ್ದು ನಿಂತ ಚಪ್ಪಟೆ ನೆತ್ತಿಯ ಗುಡ್ಡಗಳ ಮೇಲೆ ಹೋಪಿಗಳ ಹಳ್ಳಿಗಳಿವೆ. ಅವುಗಳಲ್ಲಿ ಎರಡನೆಯ ಗುಡ್ಡದ ಹಳ್ಳಿ ಇದು.

1906ರ ಸೆಪ್ಟೆಂಬರಿನಲ್ಲಿ ಪಕ್ಕದ ಒರೈಬಿ ಊರೇ ಇಬ್ಭಾಗವಾಯಿತು. ಸರ್ಕಾರದ ಜೊತೆ ಹೊಂದಿಕೊಳ್ಳೋಣ ಎನ್ನುವವರು ಒಂದು ಕಡೆ, ಕೂಡದು ಎನ್ನುವವರು ಇನ್ನೊಂದು ಕಡೆ. ನೆಲದ ಮೇಲೆ ಗೆರೆ ಎಳೆದರು. ಎರಡು ಬಣ ಎದುರುಬದುರು ನಿಂತು ತಳ್ಳಾಡಿ, ಸೋತವರು ಊರು ಬಿಡಬೇಕೆಂದು ಕರಾರು. ಕೂಡದು ಎಂದವರು ಸೋತು, ಗಂಟುಮೂಟೆ ಕಟ್ಟಿಕೊಂಡು ಹೋಗಿ ಹೋಟೆವಿಲ್ಲಾ ಎಂಬ ಹೊಸ ಊರು ಕಟ್ಟಿದರು. ಕಬೋಟಿಯ ಮನೆಯವರೂ ಅವರ ಜೊತೆಗಿದ್ದರು. ಮನೆಯವರು ಹೀಗೆ ಊರನ್ನೇ ಬಿಟ್ಟು ದೂರವಿಟ್ಟ ಶಾಲೆಗೆ ಕೊನೆಗೂ ಹುಡುಗ ಹೋಗಬೇಕಾಯಿತು. 1915ರಲ್ಲಿ ಅವನನ್ನು ನ್ಯೂ ಮೆಕ್ಸಿಕೋದ ಸಾಂಟಾ ಫೆ ಇಂಡಿಯನ್ ಶಾಲೆಗೆ ಸೇರಿಸಿದರು. ಮೂಲನಿವಾಸಿ ಮಕ್ಕಳ ನುಡಿ, ಉಡುಗೆ, ಆಚಾರ ಬಿಡಿಸಿ ‘ನಾಗರಿಕ’ರನ್ನಾಗಿ ಮಾಡುವುದೇ ಆಗ ಇಂಥ ಶಾಲೆಗಳ ಉದ್ದೇಶವಾಗಿತ್ತು.

ಅಲ್ಲಿಗೆ ಸೂಪರಿಂಟೆಂಡೆಂಟ್ ಆಗಿ ಬಂದವರು ಜಾನ್ ಡಿಹಫ್. ಅವರ ಹೆಂಡತಿ ಎಲಿಜಬೆತ್ ನಾಲ್ಕಾರು ಹುಡುಗರನ್ನು ಮನೆಗೆ ಕರೆದು, ಕಾಗದ, ನೀರುಬಣ್ಣ ಕೊಟ್ಟು, ನಿಮಗೆ ತೋಚಿದ್ದನ್ನು ಬರೆಯಿರಿ ಎಂದರು. ಕಬೋಟಿಗೆ ತೋಚಿದ್ದು ಊರಿನ ಕಚೀನ ಕುಣಿತ. ಕಚೀನಗಳೆಂದರೆ ಮಳೆ ಬೆಳೆ ತರುವ ದೈವಗಳು. ಊರಿನ ಗಂಡಸರು ಮುಖವಾಡ ತೊಟ್ಟು ಅವರಾಗಿ ಕುಣಿಯುತ್ತಾರೆ. ಮನೆಯ ನೆನಪು ಕಾಡುತ್ತಿತ್ತು, ಅದಕ್ಕೇ ಅದನ್ನು ಬರೆದೆ ಎಂಬ ಅರ್ಥದ ಮಾತನ್ನು ಕಬೋಟಿಯವರೇ ಮುಂದೆ ಆಡಿದ್ದಾರೆ. ಮೊದಲ ಚಿತ್ರ 50 ಸೆಂಟಿಗೆ ಮಾರಾಟವಾಯಿತು. ಕೊಂಡವರು ಶಾಲೆಯ ಮರಗೆಲಸದ ಮೇಷ್ಟ್ರು. 1919ರಲ್ಲಿ ಈ ಹುಡುಗರ ಚಿತ್ರಗಳು ಸಾಂಟಾ ಫೆಯ ಮ್ಯೂಸಿಯಮ್ಮಿನ ಗೋಡೆ ಏರಿದವು.

ಆ ಚಿತ್ರಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಿನ್ನೆಲೆಯಲ್ಲಿ ಬರಿ ಬಿಳಿ ಕಾಗದ. ಆಕಾಶವಿಲ್ಲ, ಎಷ್ಟೋ ಸಲ ಕಾಲಡಿಯ ನೆಲವೂ ಇಲ್ಲ. ಆದರೆ ಕುಣಿಯುವವನ ಮೊಣಕಾಲ ಹಿಂದೆ ಕಟ್ಟಿದ ಆಮೆಚಿಪ್ಪಿನ ಗಿಲಕಿ, ಸೊಂಟದಿಂದ ಜೋಲುವ ನರಿಯ ಚರ್ಮ, ನಡುಪಟ್ಟಿಯ ಕುಚ್ಚು, ಕೈಯಲ್ಲಿನ ಸೋರೆಬುರುಡೆ, ಒಂದೂ ತಪ್ಪಿಲ್ಲ. ಇದನ್ನು ಬರಿ ಅಲಂಕಾರದ ಚಿತ್ರವೆಂದು ಬದಿಗಿಡುವ ವಿಮರ್ಶಕರಿದ್ದಾರೆ. ನನಗೆ ಹಾಗನಿಸುವುದಿಲ್ಲ. 1921ರಲ್ಲಿ ಇಂಡಿಯನ್ ವ್ಯವಹಾರಗಳ ಕಮಿಷನರ್ ಚಾರ್ಲ್ಸ್ ಬರ್ಕ್ ಮೂಲನಿವಾಸಿಗಳ ಕುಣಿತಗಳಿಗೆ ಕಡಿವಾಣ ಹಾಕುವ ಸುತ್ತೋಲೆ ಹೊರಡಿಸಿದರು. ಒಂದು ಕೈ ಕುಣಿತ ನಿಲ್ಲಿಸಿ ಎಂದು ಸಹಿ ಹಾಕುತ್ತಿದ್ದಾಗ, ಇನ್ನೊಂದು ಕೈ ಅದೇ ಕುಣಿತದ ಕುಚ್ಚು ಕುಚ್ಚನ್ನೂ ಲೆಕ್ಕವಿಟ್ಟು ಬರೆಯುತ್ತಿತ್ತು.

1930ರ ಹೊತ್ತಿಗೆ ಕಬೋಟಿ ಊರಿಗೆ ಮರಳಿ, ಹೋಪಿ ಗಂಡಸರ ದೀಕ್ಷೆ ಪಡೆದು, ಆಲಿಸ್ ಅವರನ್ನು ಮದುವೆಯಾದರು. 1932ರಲ್ಲಿ ಅವರ ಚಿತ್ರಗಳು ವೆನಿಸ್ ಬಿನಾಲೆ ಕಲಾಪ್ರದರ್ಶನದಲ್ಲಿದ್ದವು. ಆ ಹೊತ್ತಿಗೇ ವಾಸ್ತುಶಿಲ್ಪಿ ಮೇರಿ ಕೋಲ್ಟರ್ ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚಿನಲ್ಲಿ ಕಲ್ಲಿನ ಕಾವಲು ಗೋಪುರ ಕಟ್ಟಿಸುತ್ತಿದ್ದರು. ಒಳಗೋಡೆಗೆ ಚಿತ್ರ ಬರೆಯಲು ಕಬೋಟಿಯನ್ನು ಕರೆದರು. ಅವರು ಬರೆದದ್ದು ಟೀಯೋ ಎಂಬ ಯುವಕನ ಕಥೆ: ಟೊಳ್ಳು ಮಾಡಿದ ಮರದ ದಿಮ್ಮಿಯೊಳಗೆ ಕೂತು ಕೊಲರಾಡೋ ನದಿಯಲ್ಲಿ ತೇಲಿಹೋದವನು, ಹಾವಿನ ಕುಲದ ಹೆಣ್ಣನ್ನು ಕೈಹಿಡಿದು, ಮಳೆ ತರುವ ವಿದ್ಯೆ ಕಲಿತು ಹಿಂದಿರುಗುತ್ತಾನೆ. ಆ ನದಿ ಗೋಪುರದ ಕಿಟಕಿಯಿಂದಲೇ ಕಾಣುತ್ತದೆ!

ಇನ್ನು ಬೆಳ್ಳಿಯ ವಿಚಾರ. ಕಬೋಟಿಯ ದೊಡ್ಡ ಕೆಲಸ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಹೋಪಿಗಳಿಗೆ ಬೆಳ್ಳಿ ಕೆಲಸ ಹಳೆಯದಲ್ಲ. ನೆರೆಯ ನವಾಹೋ ಬುಡಕಟ್ಟಿನವರಿಂದ ಜೂನಿ ಬುಡಕಟ್ಟಿನವರು ಕಲಿತರು. ಲನ್ಯಾದೆ ಎಂಬ ಜೂನಿ ಅಕ್ಕಸಾಲಿಯಿಂದ 1898ರ ಸುಮಾರಿಗೆ ಸಿಕ್ಯತಲ ಎಂಬ ಹೋಪಿ ಕಲಿತ. ಹಾಗಾಗಿ ದಶಕಗಳ ಕಾಲ ಹೋಪಿ ಒಡವೆಗೂ ನವಾಹೋ ಒಡವೆಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಅದೇ ಠಸ್ಸೆ, ಅದೇ ಹಸಿರುನೀಲಿ ಟರ್ಕಾಯ್ಸ್ ಕಲ್ಲು. 1930ರ ದಶಕದ ಕೊನೆಯಲ್ಲಿ ಫ್ಲಾಗ್‌ಸ್ಟಾಫಿನ ಉತ್ತರ ಅರಿಜೋನಾ ಮ್ಯೂಸಿಯಮ್ಮಿನ ಮೇರಿ-ರಸೆಲ್ ಕೋಲ್ಟನ್ ಇದನ್ನು ಎತ್ತಿ ಆಡಿದರು: ನಿಮ್ಮ ಮಡಕೆಯಲ್ಲಿ, ಬುಟ್ಟಿಯಲ್ಲಿ, ನೇಯ್ಗೆಯಲ್ಲಿ ಇಷ್ಟೊಂದು ಚಿತ್ತಾರವಿದೆ, ಅದನ್ನು ಬೆಳ್ಳಿಗೆ ಯಾಕೆ ತರಬಾರದು? ಮಾದರಿಗಳನ್ನೂ ಬರೆಸಿಕೊಟ್ಟರು. ಅಷ್ಟರಲ್ಲಿ ಯುದ್ಧ ಬಂತು.

ಯುದ್ಧ ಮುಗಿಸಿ ಬಂದ ಹೋಪಿ ಸೈನಿಕರಿಗೆ ಊರಲ್ಲಿ ಕೆಲಸವಿರಲಿಲ್ಲ. ಮಾಜಿ ಸೈನಿಕರ ಶಿಕ್ಷಣಕ್ಕೆಂದು ಸರ್ಕಾರ ಇಟ್ಟಿದ್ದ ಹಣದಲ್ಲಿ 1947ರಲ್ಲಿ ತರಗತಿ ಶುರುವಾಯಿತು. ಬೆಸುಗೆ, ಸುತ್ತಿಗೆ, ಕುಲುಮೆಯ ಪಾಠ ಅಕ್ಕಸಾಲಿ ಪಾಲ್ ಸೌಫ್ಕಿ ಅವರದು. ರೇಖಾಚಿತ್ರದ ಪಾಠ ಕಬೋಟಿಯವರದು. ಅವರು ಆಗಲೇ ಹತ್ತು ವರ್ಷದಿಂದ ಒರೈಬಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರು. 1945ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದು ಪುರಾತನ ಮಿಂಬ್ರೆಸ್ ಮಡಕೆಗಳ ಕಪ್ಪು-ಬಿಳುಪು ಚಿತ್ರಗಳನ್ನು ಅಭ್ಯಾಸ ಮಾಡಿದ್ದರು. ಆ ಅಭ್ಯಾಸದ ಫಲವಾದ ಪುಸ್ತಕ 1949ರಲ್ಲಿ ಅಚ್ಚಾಯಿತು. ಅದೇ ವರ್ಷ ತರಗತಿಯಿಂದ ಹೊರಬಂದವರನ್ನು ಕಟ್ಟಿಕೊಂಡು ಹೋಪಿ ಸಿಲ್ವರ್‌ಕ್ರಾಫ್ಟ್ ಗಿಲ್ಡ್ ಎಂಬ ಸಹಕಾರ ಸಂಘ ಹುಟ್ಟಿತು.

ಕೆಲಸ ಹೀಗೆ. ಎರಡು ಬೆಳ್ಳಿ ತಗಡು. ಮೇಲಿನ ತಗಡಿನ ಮೇಲೆ ಮೋಡವನ್ನೋ ಕರಡಿಯ ಪಂಜವನ್ನೋ ನೀರಿನ ಅಲೆಯನ್ನೋ ಗೀಚಿಕೊಂಡು, ಕೂದಲಿನಷ್ಟು ಸಣ್ಣ ಗರಗಸದಿಂದ ಕೊರೆದು ತೆಗೆಯುತ್ತಾರೆ. ಅದನ್ನು ಕೆಳಗಿನ ತಗಡಿನ ಮೇಲಿಟ್ಟು ಬೆಸೆಯುತ್ತಾರೆ. ಆಮೇಲೆ ಗಂಧಕದ ದ್ರಾವಣ ತಾಗಿಸಿದರೆ ಬೆಳ್ಳಿಯೆಲ್ಲ ಕಪ್ಪಾಗುತ್ತದೆ. ಮೇಲ್ಮೈಯನ್ನು ಉಜ್ಜಿ ಮೆರುಗು ಕೊಟ್ಟಾಗ ಮೇಲಿನದು ಬೆಳ್ಳಗೆ, ಕೊರೆದ ತಗ್ಗು ಕಪ್ಪಗೆ ಉಳಿಯುತ್ತದೆ. ಕಲ್ಲು ಸಾಮಾನ್ಯವಾಗಿ ಕೂರಿಸುವುದಿಲ್ಲ. ಕಲ್ಲಿದ್ದರೆ ಅದರ ಹೊಳಪಿನಲ್ಲಿ ಎಷ್ಟೋ ತಪ್ಪು ಮುಚ್ಚಿಹೋಗುತ್ತದೆ; ಇಲ್ಲಿ ಗರಗಸ ಎಳೆಯಷ್ಟು ನಡುಗಿದರೂ ಕಣ್ಣಿಗೆ ಹೊಡೆಯುತ್ತದೆ. ಜೀವನವಿಡೀ ಬಣ್ಣ ಬಳಸಿದ ಚಿತ್ರಕಾರ ಬಣ್ಣವನ್ನೇ ಬಿಟ್ಟು, ಬರಿ ಗೆರೆಯ ಮೇಲೆ ಒಂದು ಜನಾಂಗದ ಕಸುಬನ್ನು ನಿಲ್ಲಿಸಿದರು. ಖಾಲಿ ಕಾಗದದ ಮೇಲೆ ಕುಣಿತ ಬರೆದವರಿಗೆ ಇದು ಕಷ್ಟವಾಗಿರಲಾರದು.

ಈ ಬೆಳ್ಳಿ ಶೈಲಿ ಮ್ಯೂಸಿಯಮ್ಮಿನವರ ಸೃಷ್ಟಿ ಎನ್ನುವವರಿದ್ದಾರೆ. ಸಲಹೆ ಅವರದು, ನಿಜ. ಆದರೆ ಸಲಹೆಯಿಂದ ಕಸುಬು ಹುಟ್ಟುವುದಿಲ್ಲ; ಊರಿನವರೇ ಪಕ್ಕದಲ್ಲಿ ಕೂತು ತಿದ್ದಬೇಕು. ಹಾಗೆ ತಿದ್ದಿದವರಲ್ಲಿ ಸೌಫ್ಕಿಯವರ ಹೆಸರನ್ನು ನಾವು ಬೇಗ ಮರೆಯುತ್ತೇವೆ. ಅದು ಅನ್ಯಾಯ.

1960ರಲ್ಲಿ ಕಬೋಟಿ ನಮ್ಮ ದೇಶಕ್ಕೂ ಬಂದಿದ್ದರು. ದೆಹಲಿಯ ವಿಶ್ವ ಕೃಷಿ ಮೇಳಕ್ಕೆ ಅಮೆರಿಕದ ಕೃಷಿ ಇಲಾಖೆ ಅವರನ್ನು ಸೌಹಾರ್ದ ಪ್ರತಿನಿಧಿಯಾಗಿ ಕಳಿಸಿತ್ತು. ಕೃಷಿ ಮೇಳದಲ್ಲಿ ಚಿತ್ರಕಾರನಿಗೇನು ಕೆಲಸ ಎನ್ನಬೇಡಿ. ವರ್ಷಕ್ಕೆ ಸುಮಾರು 10 ಇಂಚು ಮಳೆ ಬೀಳುವ ನೆಲದಲ್ಲಿ, ನೀರಾವರಿಯಿಲ್ಲದೆ, ತೇವ ಸಿಗುವಷ್ಟು ಆಳಕ್ಕೆ ಮೆಕ್ಕೆಜೋಳದ ಬೀಜ ಊರಿ ಬೆಳೆ ತೆಗೆಯುವ ಜನ ಹೋಪಿಗಳು. ಅವರ ಉಂಗುರ, ಕಡಗ, ಬೆಲ್ಟಿನ ಬಿಲ್ಲೆಗಳಲ್ಲಿ ಮೋಡ ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ.

ಎರಡನೆಯ ಗುಡ್ಡದ ಮೇಲೆ 1971ರಲ್ಲಿ ತೆರೆದ ಹೋಪಿ ಸಾಂಸ್ಕೃತಿಕ ಕೇಂದ್ರದ ಹಿಂದೆಯೂ ಕಬೋಟಿಯ ದುಡಿಮೆಯಿದೆ. 1986ರಲ್ಲಿ ಅವರು ತೀರಿಕೊಂಡರು. ಮಗ ಮೈಕೆಲ್ ಕೂಡ ಚಿತ್ರಕಾರ, ಅಕ್ಕಸಾಲಿ, ಮೇಲಾಗಿ ಕವಿಯಾಗಿದ್ದರು. 1973ರಲ್ಲಿ ಗೆಳೆಯರ ಜೊತೆ ‘ಆರ್ಟಿಸ್ಟ್ ಹೋಪಿಡ್’ ಎಂಬ ಬಳಗ ಕಟ್ಟಿದರು. ಅಪ್ಪ ಬಿಳಿಯಾಗಿ ಬಿಟ್ಟ ಹಿನ್ನೆಲೆಯನ್ನು ಮಗ ಅಂಚಿನಿಂದ ಅಂಚಿಗೆ ಬಣ್ಣದಿಂದ ತುಂಬಿದರು. ಬೆಳ್ಳಿಯಲ್ಲಿ ಮಾತ್ರ ಅಪ್ಪ ಕಲಿಸಿದ ಎರಡು ತಗಡನ್ನು ಬಿಡಲಿಲ್ಲ.