ಅರವತ್ತು ದಾಟಿದ ಗಂಡಸರು ಮತ್ತು ಪಿಎಸ್‌ಎ ಎಂಬ ಅಂಕಿ

(ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತು)



ಶಿಕ್ಷಣದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದರು. ಮೂವತ್ತು ವರ್ಷ ಅದನ್ನೇ ಮಾತಾಡಿದ್ದೇನೆ. ಇವತ್ತು ಅವರ ಒಪ್ಪಿಗೆ ಪಡೆದು ಬೇರೆ ವಿಷಯ ಎತ್ತಿಕೊಂಡಿದ್ದೇನೆ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವ ತೊಂದರೆ ಮತ್ತು ಅದರ ಜೊತೆ ಬರುವ ಪಿಎಸ್‌ಎ ಎಂಬ ರಕ್ತಪರೀಕ್ಷೆ. ಹೆಣ್ಣುಮಕ್ಕಳ ಎದುರು ಇದೆಂಥ ಮಾತು ಎಂದು ಯಾರಿಗಾದರೂ ಅನಿಸಿದರೆ ಕ್ಷಮಿಸಿ. ಅದೇ ಸಂಕೋಚದಲ್ಲಿ ನಾನು ಎರಡು ವರ್ಷ ಸುಮ್ಮನಿದ್ದೆ.

ರಾತ್ರಿ ನಾಲ್ಕೈದು ಸಲ ಏಳುತ್ತಿದ್ದೆ. ಮೂತ್ರ ಶುರುವಾಗಲು ಕಾಯಬೇಕು, ಧಾರೆ ಸಣ್ಣ, ಮುಗಿಯಿತೆಂದು ಎದ್ದರೆ ಮತ್ತೆ ಹನಿ. ವಜೂ ಉಳಿಯಿತೋ ಮುರಿಯಿತೋ ಎಂಬ ಅನುಮಾನ ಬೇರೆ. ಮೊದಲು ಫಜ್ರ್ ಜಮಾತ್ ಬಿಟ್ಟೆ. ಆಮೇಲೆ ಜುಮ್ಮಾಕ್ಕೆ ಹೋದರೂ ಬಾಗಿಲ ಹತ್ತಿರದ ಸಾಲೇ ನನ್ನದು. ಬಸ್ಸಿನಲ್ಲಿ ಮದುವೆಗೆ ಹೋಗುವ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಮನೆಯಲ್ಲಿ ಕೇಳಿದರೆ ವಯಸ್ಸಾಯಿತಲ್ಲ ಎಂದು ಮಾತು ತೇಲಿಸುತ್ತಿದ್ದೆ.

ಒಂದು ಚಳಿಗಾಲದ ರಾತ್ರಿ ನೆಗಡಿಗೆಂದು ಅಂಗಡಿಯಿಂದ ತಂದ ಮಾತ್ರೆ ನುಂಗಿ ಮಲಗಿದೆ. ಬೆಳಗಿನ ಜಾವಕ್ಕೆ ಮೂತ್ರ ಪೂರ್ತಿ ಕಟ್ಟಿತು. ಪ್ರಾಸ್ಟೇಟ್ ದೊಡ್ಡದಾದವರಿಗೆ ನೆಗಡಿಯ ಕೆಲವು ಮಾತ್ರೆಗಳು ಹೀಗೆ ಮಾಡುತ್ತವೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಆ ನೋವು ಶತ್ರುವಿಗೂ ಬೇಡ. ಆಸ್ಪತ್ರೆಯಲ್ಲಿ ಕ್ಯಾಥೆಟರ್ ಹಾಕಿದರು, ಸೋಂಕೂ ಇದೆ ಎಂದರು, ಮರುದಿನ ರಕ್ತ ತೆಗೆದರು. ಸಂಜೆ ವರದಿ ಮಗಳ ಮೊಬೈಲಿಗೆ ಬಂತು. ಪಿಎಸ್‌ಎ 11.6. ಪಕ್ಕದಲ್ಲಿ, 4ರ ಒಳಗಿರಬೇಕು ಎಂದಿತ್ತು. ಅವಳು ಮೊಬೈಲಿನಲ್ಲಿ ಹುಡುಕಿದಳು, ಕ್ಯಾನ್ಸರ್ ಎಂಬ ಪದ ಕಂಡಿತು, ಮನೆಯಲ್ಲಿ ಅಳು ಶುರು. ಒಬ್ಬರು ದುವಾಗೆ ಕೂತರು, ಇನ್ನೊಬ್ಬರು ಮನೆಯ ಪತ್ರ ಎಲ್ಲಿದೆ ಎಂದು ಕೇಳಿದರು. ಈಗ ನಗುತ್ತ ಹೇಳುತ್ತೇನೆ. ಆಗ ನಗಲಿಲ್ಲ.

ಆಮೇಲೆ ಡಾಕ್ಟರ್ ಕೂರಿಸಿಕೊಂಡು ತಿಳಿಸಿದರು. ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಅಕ್ರೋಟ್ ಗಾತ್ರದ ಗ್ರಂಥಿ. ವಯಸ್ಸಾದಂತೆ ಬೆಳೆಯುತ್ತದೆ, ನಾಳವನ್ನು ಒತ್ತುತ್ತದೆ. ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. 80 ದಾಟಿದ ಗಂಡಸರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇದು ಕಾಣುತ್ತದೆ. ಪಿಎಸ್‌ಎ ಎಂದರೆ ಈ ಗ್ರಂಥಿಯೇ ತಯಾರಿಸುವ ಒಂದು ಪ್ರೋಟೀನ್. ಆರೋಗ್ಯವಂತರಲ್ಲೂ ಅದರ ಸ್ವಲ್ಪ ಭಾಗ ರಕ್ತಕ್ಕೆ ಸೇರುತ್ತದೆ. ಗ್ರಂಥಿ ದೊಡ್ಡದಾದರೆ ಏರುತ್ತದೆ, ಸೋಂಕಾದರೆ, ಮೂತ್ರ ಕಟ್ಟಿದರೆ, ಕ್ಯಾಥೆಟರ್ ಹಾಕಿದರೆ ಏರುತ್ತದೆ. ಕ್ಯಾನ್ಸರ್ ಇದ್ದರೂ ಏರುತ್ತದೆ. ಯಾವ ಕಾರಣಕ್ಕೆ ಏರಿತು ಎಂದು ಆ ಅಂಕಿ ಹೇಳುವುದಿಲ್ಲ.

4ರಿಂದ 10ರ ನಡುವೆ ಬಂದವರಲ್ಲಿ ಬಯಾಪ್ಸಿ ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ. 4ರ ಒಳಗಿದ್ದವರಲ್ಲೂ ಕೆಲವರಿಗೆ ಇರುತ್ತದೆ. ಅಮೆರಿಕದಲ್ಲಿ 1986ರಲ್ಲಿ ಈ ಪರೀಕ್ಷೆಗೆ ಮೊದಲು ಅನುಮತಿ ಕೊಟ್ಟದ್ದೇ ಕ್ಯಾನ್ಸರ್ ಇದೆ ಎಂದು ಆಗಲೇ ಗೊತ್ತಾದವರ ಮೇಲೆ ಕಣ್ಣಿಡಲು. ರೋಗ ಪತ್ತೆಗೆ ನೆರವಾಗಲಿ ಎಂದು ಒಪ್ಪಿದ್ದು 1994ರಲ್ಲಿ. ಮೇಷ್ಟರ ಬುದ್ಧಿಗೆ ನನಗೆ ಅರ್ಥವಾದದ್ದು ಇಷ್ಟು: ಜ್ವರದಲ್ಲಿ ಪರೀಕ್ಷೆ ಬರೆದ ಹುಡುಗನ ಅಂಕ ನೋಡಿ ಟಿಸಿ ಕೊಟ್ಟು ಕಳಿಸುವ ಹಾಗಿಲ್ಲ. ಹಾಗೆಂದು ಅಂಕಪಟ್ಟಿಯನ್ನು ಹರಿದು ಹಾಕುವಂತೆಯೂ ಇಲ್ಲ. ಮತ್ತೆ ಬರೆಸಬೇಕು. ಸೋಂಕು ಪೂರ್ತಿ ಹೋಗಿ ಆರು ವಾರವಾದ ಮೇಲೆ ನನ್ನದು ಮತ್ತೆ ನೋಡಿದಾಗ 3.8 ಇತ್ತು. ಏರಿದ್ದೇ ಉಳಿದಿದ್ದರೆ ಎಂಆರ್‌ಐ, ಬಯಾಪ್ಸಿ ಆಗಬೇಕಿತ್ತು. ಅದನ್ನೂ ಮಾಡಿಸುತ್ತಿದ್ದೆ.

ನನ್ನನ್ನು ಹೆದರಿಸಬೇಕಾಗಿದ್ದ ಅಂಕಿ ಅದೇ ವರದಿಯ ಕೆಳಗಿತ್ತು. ಯಾರೂ ನೋಡಿರಲಿಲ್ಲ. ಕ್ರಿಯಾಟಿನಿನ್. ಮೂತ್ರ ಪೂರ್ತಿ ಖಾಲಿಯಾಗದೆ ತಿಂಗಳುಗಟ್ಟಲೆ ನಿಂತು ಅದರ ಒತ್ತಡ ಮೇಲಕ್ಕೆ ಹೋಗಿ ನನ್ನ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಬಹಳಷ್ಟು ಸರಿಹೋಯಿತು, ಪೂರ್ತಿ ಅಲ್ಲ. ಎರಡು ವರ್ಷ ಮೊದಲೇ ಹೋಗಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ಔಷಧದ ಬಗ್ಗೆ ಎರಡು ಮಾತು. ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ತಟ್ಟನೆ ಎದ್ದು ನಿಲ್ಲಬೇಡಿ, ತಲೆ ತಿರುಗಬಹುದು. ಕಣ್ಣಿನ ಪೊರೆಯ ಆಪರೇಷನ್‌ಗೆ ಹೋದರೆ ಈ ಮಾತ್ರೆಯ ಹೆಸರನ್ನು ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ತೆಗೆದುಕೊಳ್ಳುವವರಲ್ಲಿ ಆರು ತಿಂಗಳು, ವರ್ಷದೊಳಗೆ ಪಿಎಸ್‌ಎ ಸುಮಾರು ಅರ್ಧಕ್ಕಿಳಿಯುತ್ತದೆ. ಅದು ಗೊತ್ತಿಲ್ಲದ ಡಾಕ್ಟರ್ 3 ಎಂದು ಓದಿ ಸಮಾಧಾನಪಟ್ಟಾರು, ನಿಜದಲ್ಲಿ ಅದು 6. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಯಾವ ಲೆಕ್ಕವನ್ನೂ ಹಾಕದೆ ಅವತ್ತೇ ಹೋಗಿ.

ವಜೂ ಚಿಂತೆಯಿಂದ ಮಸೀದಿ ಬಿಟ್ಟವರು ಇಲ್ಲಿಯೂ ಇದ್ದಾರು. ನಾನು ಕೊನೆಗೆ ಪೇಶ್ ಇಮಾಮರ ಹತ್ತಿರ ಬಾಯಿ ಬಿಟ್ಟೆ. ಹನಿ ನಿಲ್ಲದವರನ್ನು ಶರೀಅತ್ ಮಅಜೂರ್ ಎಂದು ಕರೆದು ರಿಯಾಯಿತಿ ಕೊಟ್ಟಿದೆ, ನಿಯಮ ಹೀಗಿದೆ ಎಂದು ಐದು ನಿಮಿಷದಲ್ಲಿ ವಿವರಿಸಿದರು. ಹನಫಿ, ಶಾಫಿ ನಡುವೆ ಸ್ವಲ್ಪ ವ್ಯತ್ಯಾಸವಿದೆ, ನಿಮ್ಮ ನಿಮ್ಮ ಇಮಾಮರನ್ನೇ ಕೇಳಿ.

ಮಕ್ಕಳೇ, ನಿಮ್ಮಲ್ಲಿ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಓದುವವರು ಇದ್ದೀರಿ. ನಿಮ್ಮ ಫೀಸು ಮೊದಲು, ನನ್ನ ತಪಾಸಣೆ ಆಮೇಲೆ ಎನ್ನುವ ಅಬ್ಬಾ ನಿಮ್ಮ ಮನೆಯಲ್ಲೂ ಇರಬಹುದು. ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಅವರನ್ನು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ವಿಚಾರಿಸಿ.

ಊಟದ ನಂತರ ಅರ್ಜಿ ಪರಿಶೀಲನೆ ದೊಡ್ಡ ಕೊಠಡಿಯಲ್ಲಿ ನಡೆಯುತ್ತದೆ. ನಾನು ಅದರ ಹಿಂದಿನ ಸಣ್ಣ ಕೊಠಡಿಯಲ್ಲಿ ಕೂತಿರುತ್ತೇನೆ. ಯಾರ ಎದುರೂ ಕೇಳಲಾಗದ ಪ್ರಶ್ನೆ ಇದ್ದವರು ಒಬ್ಬೊಬ್ಬರಾಗಿ ಬನ್ನಿ. ನಾನು ಡಾಕ್ಟರಲ್ಲ, ಆದರೆ ಯಾವ ಡಾಕ್ಟರಿಗೆ ಏನು ಕೇಳಬೇಕು ಎಂದು ಬರೆದುಕೊಡಬಲ್ಲೆ.