ಪದ್ಮಿನಿಯ ಸೀಟಿಗೆ ಹೊಸ ಹೊದಿಕೆ



ಮುಂಬಯಿಯವರಿಗೆ ಪ್ರೀಮಿಯರ್ ಪದ್ಮಿನಿಯ ಪರಿಚಯ ಹೇಳಬೇಕೇ? ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಆದರೂ ನಮ್ಮ ಬಾಯಲ್ಲಿ ಅದು ಫಿಯೆಟ್ ಆಗಿಯೇ ಉಳಿಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತೇ ವರ್ಷದ ಆಯುಸ್ಸು. 2023ರ ಅಕ್ಟೋಬರ್ ಮುಗಿಯುವಾಗ ಕಾಲಿ-ಪೀಲಿ ಪದ್ಮಿನಿಯ ಕಾಲವೂ ಮುಗಿಯಿತು. ಇನ್ನು ಉಳಿದಿರುವುದು ಅಲ್ಲೊಂದು ಇಲ್ಲೊಂದು ಬಿಲ್ಡಿಂಗಿನ ಕಾಂಪೌಂಡಿನಲ್ಲಿ, ಅಪ್ಪನೋ ಅಜ್ಜನೋ ಬಿಟ್ಟುಹೋದ ಕಾರುಗಳು.

ಇಂಜಿನ್ನಿಗೆ ಮೆಕ್ಯಾನಿಕ್ ಸಿಗುತ್ತಾನೆ. ಸೀಟು ಹರಿದಾಗಲೇ ತೊಂದರೆ. ‘ಹಳೇದು ಕಿತ್ತುಹಾಕಿ, ಹೊಸ ಕಾರಿನ ಸೀಟು ಕೂರಿಸೋಣ’ ಎನ್ನುವವರೇ ಹೆಚ್ಚು. ದಯವಿಟ್ಟು ಒಪ್ಪಬೇಡಿ. ಗೇರು ಸ್ಟೇರಿಂಗಿನ ಪಕ್ಕದಲ್ಲಿದ್ದುದರಿಂದಲೇ ಮುಂದೆ ಆ ಉದ್ದನೆಯ ಸೀಟು ಸಾಧ್ಯವಾಗಿತ್ತು. ಅದು ಹೋದರೆ ಮತ್ತೆ ಮಾಡಿಕೊಡಲು ಕಾರ್ಖಾನೆಯಿಲ್ಲ. ತಾಳ್ಮೆಯಿದ್ದರೆ ಹೊದಿಕೆಯನ್ನು ಮನೆಯಲ್ಲೇ ಬದಲಾಯಿಸಬಹುದು.

ಮಳೆಗಾಲ ಕಳೆದ ಮೇಲೆ, ಸುಲಭವಾದ ಹಿಂದಿನ ಸೀಟಿನಿಂದ ಶುರುಮಾಡಿ. ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ. ಹೊದಿಕೆಯನ್ನು ಚೌಕಟ್ಟಿಗೆ ಬಿಗಿದ ತಂತಿಯ ಉಂಗುರಗಳನ್ನು ಇಕ್ಕಳದಿಂದ ಕತ್ತರಿಸಿ. ಹರಿದ ರೆಕ್ಸಿನನ್ನು ಮಾತ್ರ ಎಸೆಯಬೇಡಿ, ನಿಮ್ಮ ನಕ್ಷೆ ಅದೇ! ಹೊಲಿಗೆ ಬಿಚ್ಚುವ ಮುನ್ನ ಪ್ರತಿ ತುಂಡಿನ ಹಿಂದೆ ನಂಬರು ಬರೆದು, ಮುಂಭಾಗಕ್ಕೆ ಬಾಣದ ಗುರುತು ಹಾಕಿ.

ಒಳಗೆ ಸ್ಪ್ರಿಂಗು, ಅದರ ಮೇಲೆ ತೆಂಗಿನ ನಾರೋ ಹತ್ತಿಯೋ ಸಿಗಬಹುದು. ನಮ್ಮ ಕಡಲಗಾಳಿಗೆ ಸ್ಪ್ರಿಂಗು ತುಕ್ಕು ಹಿಡಿದಿರುತ್ತದೆ. ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಚೆನ್ನಾಗಿ ಒಣಗಿಸಿ. ಮೇಲೆ ಗಟ್ಟಿ ಗೋಣಿತಾಟು ಹೊದಿಸಿ ಆಮೇಲೆ ಫೋಮ್ ಇಡಿ. ಗೋಣಿಯಿಲ್ಲದಿದ್ದರೆ ಸ್ಪ್ರಿಂಗು ಫೋಮನ್ನು ತಿಂದುಹಾಕುತ್ತದೆ.

ಹಳೆಯ ರೆಕ್ಸಿನ್ ಹಿಗ್ಗಿರುತ್ತದೆ. ಆದ್ದರಿಂದ ಆ ಅಳತೆಗೆ ಮೊದಲು ಹಳೇ ಬೆಡ್‌ಶೀಟಿನಲ್ಲಿ ಒಂದು ಕವರ್ ಹೊಲಿದು ತೊಡಿಸಿ ನೋಡಿ. ಸಡಿಲವಾದಲ್ಲಿ ತಿದ್ದಿ, ಅನಂತರ ರೆಕ್ಸಿನಿಗೆ ಕತ್ತರಿ ಹಾಕಿ. ಹೊಲಿಗೆಗೆಂದು ಸುತ್ತಲೂ ಅರ್ಧ ಇಂಚು ಬಿಡಿ. ಗುಂಡುಸೂಜಿ ಚುಚ್ಚಿದರೆ ರೆಕ್ಸಿನಿನಲ್ಲಿ ತೂತು ಉಳಿಯುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪು ಸಾಕು. 18ನೇ ನಂಬರಿನ ಸೂಜಿ, ನೈಲಾನ್ ದಾರ, ಉದ್ದನೆಯ ಹೊಲಿಗೆ ಇರಲಿ. ಹೊಲಿಗೆ ಒತ್ತಾದರೆ ಅಂಚೆಚೀಟಿಯ ಅಂಚಿನಂತೆ ಹರಿದುಬರುತ್ತದೆ. ಪೈಪಿಂಗ್ ಇರುವಲ್ಲಿ ನಾಲ್ಕು ಪದರ ಸೇರುತ್ತದೆ, ಮನೆಯ ಮೆಷಿನ್ ನಿಂತುಬಿಡಬಹುದು. ಅಷ್ಟನ್ನು ಮಾತ್ರ ಬ್ಯಾಗು ಹೊಲಿಯುವವರಿಗೆ ಕೊಡಿ. ಧಾರಾವಿಯಲ್ಲಿ ಅಂಥ ಕೈಗಳಿಗೆ ಬರವೇ?

ತೊಡಿಸುವ ಮೊದಲು ಹೊದಿಕೆಯನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ನಡುವಿನಿಂದ ಮೂಲೆಗಳ ಕಡೆಗೆ ಎಳೆಯುತ್ತ ಹೊಸ ಉಂಗುರ ಬಿಗಿಯಿರಿ.

ಬಣ್ಣ ನಿಮ್ಮಿಷ್ಟ. 2015ರಲ್ಲಿ ‘ಟ್ಯಾಕ್ಸಿ ಫ್ಯಾಬ್ರಿಕ್’ ಯೋಜನೆಯ ಕಲಾವಿದರು ಇದೇ ಊರಿನ ಟ್ಯಾಕ್ಸಿಗಳ ಸೀಟುಗಳಿಗೆ ಚಿತ್ರಗಳ ಬಟ್ಟೆ ತೊಡಿಸಿದ್ದರು. ಹೊದಿಕೆ ಬದಲಾಗಬಹುದು, ಸೀಟಿನ ಆಕಾರ ಉಳಿಯಬೇಕು. ಕೆಲಸ ಮುಗಿದ ಮೇಲೆ ಆ ನಂಬರು ಬರೆದ ಹಳೇ ತುಂಡುಗಳನ್ನು ಒಂದು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿಡಿ. ಮುಂದೊಂದು ದಿನ ನಿಮ್ಮ ಮಗನೋ ಮಗಳೋ ಸೂಜಿ ಹಿಡಿದಾಗ ಅಳತೆ ಹುಡುಕಿಕೊಂಡು ಅಲೆಯಬೇಕಾಗಿಲ್ಲ.